ಹಣ್ಣೆಲೆಯ ಲೆಕ್ಕ

ಎಲೆ ಉದುರುವ ಕಾಲದ ಬಗ್ಗೆ ಬರೆಯಲು ಕೂತರೆ ಮೊದಲು ಏಳುವ ತಕರಾರು ಹೆಸರಿನದು. ಶಾಲೆಯ ಇಂಗ್ಲಿಷ್ ಪಾಠದಲ್ಲಿ ‘ಆಟಮ್’ ಅಂತ ಬಂದ ಕೂಡಲೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ‘ಶರತ್ಕಾಲ’ ಎಂದು ಬರೆದುಕೊಂಡವರು ನಾವು. ಕನ್ನಡ ಮಾಧ್ಯಮದವರಿಗೆ ಅದೊಂದು ಚಾಳಿ. ಇಂಗ್ಲಿಷ್ ಶಬ್ದ ಕಂಡರೆ ಅದರ ತಲೆಯ ಮೇಲೆ ಒಂದು ಕನ್ನಡ ಶಬ್ದ ಕೂರಿಸದೆ ಮುಂದೆ ಹೋಗುವುದಿಲ್ಲ. ಆದರೆ ಸ್ವಲ್ಪ ಯೋಚಿಸಿ ನೋಡಿ. ನಮ್ಮ ಪಂಚಾಂಗದ ಶರದೃತು ಎಂದರೆ ಆಶ್ವಯುಜ ಮತ್ತು ಕಾರ್ತಿಕ. ನವರಾತ್ರಿ, ದೀಪಾವಳಿಗಳ ಕಾಲ. ಮಳೆ ಹಿಂದೆಗೆದು ಆಕಾಶ ತಿಳಿಯಾಗಿರುತ್ತದೆ, ಬೆಳದಿಂಗಳು ತೊಳೆದಿಟ್ಟ ಹಾಗಿರುತ್ತದೆ, ಎಲ್ಲ ಸರಿ. ಆದರೆ ಎಲೆ ಎಲ್ಲಿ ಉದುರುತ್ತದೆ? ಮರಗಳೆಲ್ಲ ನಾಲ್ಕು ತಿಂಗಳು ಮಿಂದು ಕೊಬ್ಬಿದ ಎಮ್ಮೆಗಳ ಹಾಗೆ ಹಸುರಾಗಿ ನಿಂತಿರುತ್ತವೆ. ನಮ್ಮ ಸಾಂತಾಕ್ರೂಜಿನಲ್ಲಂತೂ ಅಕ್ಟೋಬರ್ ಎಂದರೆ ಎರಡನೆಯ ಬೇಸಿಗೆ. ಎಲೆ ಉದುರುವುದು ಶಿಶಿರದಲ್ಲಿ, ಮಾಘ-ಫಾಲ್ಗುಣದಲ್ಲಿ. ಅಂದರೆ ನಾವು ಪುಸ್ತಕದ ಅಂಚಿನಲ್ಲಿ ಬರೆದುಕೊಂಡ ಅರ್ಥಕ್ಕೂ ಅಂಗಳದಲ್ಲಿ ನಡೆಯುವುದಕ್ಕೂ ಮೂರು ನಾಲ್ಕು ತಿಂಗಳ ವ್ಯತ್ಯಾಸ.

ನಮ್ಮ ಮನೆಯಲ್ಲಿ ಶರತ್ತೂ ಇಲ್ಲ, ಶಿಶಿರವೂ ಇಲ್ಲ. ಅಮ್ಮ ಹೇಳುವುದು ‘ಮಾಗಿ’ ಅಂತ. ಮಾಗಿ ಎಂದರೆ ಚಳಿ. ಮಾಗು ಎಂದರೆ ಹಣ್ಣಾಗು. ಇವೆರಡಕ್ಕೂ ನಿಘಂಟಿನಲ್ಲಿ ಸಂಬಂಧ ಉಂಟೋ ಇಲ್ಲವೋ, ಕಿವಿಗೆ ಮಾತ್ರ ಉಂಟು. ಹಳದಿಯಾದ ಎಲೆಗೆ ನಮ್ಮಲ್ಲಿ ‘ಹಣ್ಣೆಲೆ’ ಎನ್ನುತ್ತೇವೆ. ಅದು ಕೊಳೆತದ್ದಲ್ಲ, ಸತ್ತದ್ದಲ್ಲ, ಹಣ್ಣಾದದ್ದು. ಮುದುಕರನ್ನೂ ಹಾಗೆಯೇ ಹಣ್ಣು ಹಣ್ಣು ಮುದುಕ ಅನ್ನುತ್ತೇವೆ. ಅಮೆರಿಕದವರು ಆ ಋತುವಿಗೆ ‘ಫಾಲ್’ ಅಂತ ಹೆಸರಿಟ್ಟಿದ್ದಾರೆ, ಬೀಳುವುದು, ಅಷ್ಟೇ. ನಮ್ಮವರು ಬಿದ್ದದ್ದನ್ನು ಗುಡಿಸುವ ಮುಂಚೆ ಹಣ್ಣಾದದ್ದನ್ನು ಒಂದು ಗಳಿಗೆ ನಿಂತು ನೋಡಿದ್ದಿರಬೇಕು.

ನಾನು ನೋಡಿಕೊಂಡು ಬೆಳೆದದ್ದು ಒಂದು ಕಾಡುಬಾದಾಮಿ ಮರವನ್ನು. ವಾಕೋಲಾದಲ್ಲಿ ನಮ್ಮದು ಮೂರು ಅಂತಸ್ತಿನ ಹಳೇ ಕಟ್ಟಡ. ನೆಲಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ನಮ್ಮದು. ಅಡುಗೆಮನೆಯ ಕಿಟಕಿಯಿಂದ ಎಂಟು ಹೆಜ್ಜೆಗೆ ಆ ಮರ. ಮರಾಠಿಯವರು ಬದಾಮ್ ಅನ್ನುತ್ತಾರೆ, ಕೆಲವರು ಜಂಗ್ಲಿ ಬದಾಮ್. ಪಾಯಸಕ್ಕೆ ಹಾಕುವ ಬಾದಾಮಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಇದು ಸಮುದ್ರತೀರದ ಮರ. ಇದರ ಕಾಯಿ ಉಪ್ಪುನೀರಿನಲ್ಲಿ ತೇಲಿ ಇನ್ನೊಂದು ದಡ ಸೇರಿ ಮೊಳೆಯಬಲ್ಲದು. ಶಾಸ್ತ್ರೀಯ ಹೆಸರು ಟರ್ಮಿನೇಲಿಯ ಕಟಪ್ಪ. ಕಟಪ್ಪ ಎಂಬುದು ಮಲಯ ಭಾಷೆಯ ‘ಕೆತಪಾಂಗ್’ನಿಂದ ಬಂದದ್ದು. ಟರ್ಮಿನೇಲಿಯ ಅಂದರೆ ತುದಿಯದು. ಎಲೆಗಳೆಲ್ಲ ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಕೂತಿರುತ್ತವೆ. ಕೊಂಬೆಗಳು ನೆಲಕ್ಕೆ ಸಮಾನಾಂತರವಾಗಿ ಮಾಳಿಗೆ ಮಾಳಿಗೆಯಾಗಿ ಏಳುತ್ತವೆ. ನಮ್ಮ ಕಟ್ಟಡಕ್ಕೆ ಮೂರು ಮಾಳಿಗೆ, ಮರಕ್ಕೆ ಐದು. ಹಣ್ಣಿನ ಕಾಲದಲ್ಲಿ ರಾತ್ರಿ ಬಾವಲಿಗಳು ಬಂದು ತಿರುಳು ತಿಂದು ಗೊರಟು ಬೀಳಿಸುತ್ತವೆ. ಬೆಳಿಗ್ಗೆ ಮಕ್ಕಳು ಅದನ್ನು ಕಲ್ಲಿನಿಂದ ಜಜ್ಜಿ ಒಳಗಿನ ಬೀಜ ತಿನ್ನುತ್ತಾರೆ. ಬೀಜ ಇಷ್ಟೇ ಇಷ್ಟು, ಜಜ್ಜಿಕೊಂಡ ಬೆರಳಿನ ನೋವು ಅದಕ್ಕಿಂತ ಹೆಚ್ಚು.

ಜನವರಿ ಕಳೆಯುವಾಗ ಈ ಮರ ಬಣ್ಣ ತಿರುಗುತ್ತದೆ. ನಮ್ಮ ಚಳಿ ಎಂಥಾದ್ದು ಅಂತ ನಿಮಗೆ ಗೊತ್ತೇ ಇದೆ; ಬೆಳಿಗ್ಗೆ ಒಂದು ಹೊದಿಕೆ ಬೇಕು, ಹತ್ತು ಗಂಟೆಗೆ ಫ್ಯಾನ್ ಬೇಕು. ಸಾಂತಾಕ್ರೂಜ್ ಹವಾಮಾನ ಕೇಂದ್ರದ ದಾಖಲೆಯ ಅತಿ ಕಡಿಮೆ ಉಷ್ಣತೆ 1962ರ ಜನವರಿ 22ರ 7.4 ಡಿಗ್ರಿ. ಅಂಥ ಚಳಿಯನ್ನು ನಾನು ಕಂಡಿಲ್ಲ. ಆದರೂ ಆ ಅಲ್ಪ ಸ್ವಲ್ಪ ತಂಪು, ಒಣಗುತ್ತ ಬಂದ ನೆಲ, ಇಷ್ಟೇ ಸಾಕು ಈ ಮರಕ್ಕೆ. ಮೊದಲು ಅಲ್ಲೊಂದು ಇಲ್ಲೊಂದು ಎಲೆ ಹಳದಿ. ಆಮೇಲೆ ಕಿತ್ತಳೆ. ಆಮೇಲೆ ಕುಂಕುಮ, ಇಟ್ಟಿಗೆ, ಹಳೆಯ ತಾಮ್ರದ ಹಂಡೆಯ ಬಣ್ಣ. ಒಂದೇ ಎಲೆಯಲ್ಲಿ ಅರ್ಧ ಹಸುರು, ಅರ್ಧ ಕೆಂಪು. ಅಂಗೈಯ ಒಂದೂವರೆ ಪಟ್ಟು ದೊಡ್ಡ ಎಲೆ. ಬೀಳುವಾಗ ಶಬ್ದ ಕೇಳುತ್ತದೆ. ರಾತ್ರಿ ಓದುತ್ತಿದ್ದಾಗ ಯಾರೋ ಅಂಗಳದಲ್ಲಿ ಅಂಚೆ ಕವರು ಎಸೆದು ಹೋದ ಹಾಗೆ.

ಈ ಬಣ್ಣ ಎಲ್ಲಿಂದ ಬರುತ್ತದೆ ಎಂದು ಓದಿ ನೋಡಿದೆ. ಓದಿದ ಮೇಲೆ ಮರವೂ ಕಾಮರ್ಸ್ ವಿದ್ಯಾರ್ಥಿಯೇ ಅಂತ ಅನ್ನಿಸಿತು. ಎಲೆಯ ಹಸುರಿಗೆ ಕಾರಣ ಪತ್ರಹರಿತ್ತು. ಅದು ಇರುವಷ್ಟು ದಿನ ಬೇರೆ ಬಣ್ಣ ಕಾಣಿಸುವುದಿಲ್ಲ. ಎಲೆ ಹಳತಾದಾಗ ಮರ ಅದನ್ನು ಸುಮ್ಮನೆ ಬಿಸಾಡುವುದಿಲ್ಲ. ಪತ್ರಹರಿತ್ತನ್ನು ಒಡೆದು, ಎಲೆಯಲ್ಲಿ ಹೂಡಿದ ಸಾರಜನಕ, ರಂಜಕಗಳಲ್ಲಿ ಸಾಧ್ಯವಾದಷ್ಟನ್ನು ಕೊಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಆಗ, ಮೊದಲಿಂದಲೂ ಇದ್ದು ಮರೆಯಲ್ಲಿದ್ದ ಹಳದಿ ಹೊರಗೆ ಬರುತ್ತದೆ. ಅದರ ಹೆಸರು ಕೆರೋಟಿನಾಯ್ಡ್. ಕೆಂಪು ಹಾಗಲ್ಲ. ಕೆಂಪನ್ನು, ಅಂದರೆ ಆಂಥೋಸಯಾನಿನ್ ಎಂಬುದನ್ನು, ಎಲೆ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸುತ್ತದೆ. ವಸೂಲಿ ಮುಗಿದ ಮೇಲೆ ತೊಟ್ಟಿನ ಬುಡದಲ್ಲಿ ಒಂದು ಪದರ ಬಿಟ್ಟುಕೊಂಡು ಎಲೆ ಕಳಚುತ್ತದೆ. ಗಾಯ ತೆರೆದಿರಬಾರದೆಂದು ಅಲ್ಲಿ ಬೆಂಡಿನಂಥ ಮುಚ್ಚಳವೂ ತಯಾರು. ಬಂಡವಾಳ ಹಿಂತೆಗೆದು, ಬಾಕಿ ತೀರಿಸಿ, ಖಾತೆ ಮುಚ್ಚಿ ಸೀಲು ಹಾಕಿದ ಹಾಗೆ. ಅದೂ ಮಾರ್ಚ್ 31ರ ಒಳಗೆ! ಆದರೆ ಒಂದು ಮಾತು. ಲೆಕ್ಕ ಮುಚ್ಚುವ ಹೊತ್ತಿನಲ್ಲಿ ಹೊಸದಾಗಿ ಕೆಂಪನ್ನು ತಯಾರಿಸುವ ಖರ್ಚು ಯಾಕೆ? ವಸೂಲಿಯ ಕಾಲದಲ್ಲಿ ಬಿಸಿಲಿನಿಂದ ಎಲೆಯನ್ನು ಕಾಯುವುದಕ್ಕೆ ಅಂತ ಒಂದು ವಾದ, ಹುಳುಹುಪ್ಪಟೆಗಳನ್ನು ದೂರ ಇಡುವುದಕ್ಕೆ ಅಂತ ಇನ್ನೊಂದು. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಅಕೌಂಟೆನ್ಸಿ ಸರ್ ಆಗಿದ್ದರೆ ‘ಅನಗತ್ಯ ವೆಚ್ಚ’ ಎಂದು ಕೆಂಪು ಗೆರೆ ಎಳೆಯುತ್ತಿದ್ದರು.

ನನ್ನ ಮಾವ, ಅಮ್ಮನ ತಮ್ಮ, ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಅವನ ಮನೆಯಂಗಳದ ಫೋಟೋ ಫೋನಿಗೆ ಬರುತ್ತದೆ. ಜಪಾನಿನ ಮೇಪಲ್ ಗಿಡಗಳು ಎರಡು. ಒಂದು ಕೆಂಡದ ಹಾಗೆ, ಒಂದು ಅರಿಸಿನದ ಹಾಗೆ. ಹಿಂದೆ ಸೂಜಿಯೆಲೆಯ ಪೈನ್, ಸೀಡರ್‌ಗಳು ಕಡುಹಸುರಾಗಿ ನಿಂತಿರುತ್ತವೆ. ಆ ಕಡುಹಸುರಿನ ಪರದೆ ಇರುವುದರಿಂದಲೇ ಮುಂದಿನ ಕೆಂಪು ಅಷ್ಟು ಎದ್ದು ಕಾಣುವುದು ಅಂತ ಮಾವ ವಿವರಿಸುತ್ತಾನೆ. ಆ ಮೇಪಲ್‌ಗೆ ಸ್ವೀಡನ್ನಿನ ಥುನ್‌ಬರ್ಗ್ ಎಂಬ ವೈದ್ಯ 1784ರಲ್ಲಿ ಇಟ್ಟ ಹೆಸರು ಏಸರ್ ಪಾಮೇಟಮ್, ಅಂದರೆ ಅಂಗೈಯಂಥದು. ನಿಜವಾಗಿಯೂ ಬೆರಳು ಬಿಡಿಸಿದ ಮಗುವಿನ ಕೈಯ ಹಾಗೆ ಅದರ ಎಲೆ. ಜಪಾನಿನಲ್ಲಿ ಅದನ್ನು ನೋಡುವುದಕ್ಕೆಂದೇ ಜನ ಬೆಟ್ಟಗಳಿಗೆ ಹೋಗುತ್ತಾರೆ, ಆ ಹೋಗುವುದಕ್ಕೆ ‘ಮೊಮಿಜಿಗಾರಿ’ ಅಂತ ಹೆಸರೇ ಇದೆ.

ಕಳೆದ ಸಲ ಫೋಟೋ ಬಂದಾಗ ಅಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. ಆಮೇಲೆ ನಮ್ಮ ಕುಂದಾಪ್ರ ಮಾತಿನಲ್ಲಿ ಅವನಿಗೆ ಹೇಳಿದಳು: “ಚೆಂದ ಇತ್ತ್ ಮಾರಾಯ. ನಮ್ದೂ ಹಾಂಗೇ ಆತ್ತ್, ಒಂಚೂರ್ ತಡ. ಅಲ್ಲ, ಅದ್ನ್ ಗುಡ್ಸುದ್ ಯಾರ್?” ಮಾವ ನಕ್ಕು, ಮೂರು ಭಾನುವಾರ ತಾನೇ ಗೋರುತ್ತೇನೆ ಎಂದ. ಅಮ್ಮನಿಗೆ ಭಾರೀ ಸಮಾಧಾನವಾಯಿತು. ಸಿಯಾಟಲ್‌ನಲ್ಲಿದ್ದರೂ ಗುಡಿಸುವುದು ತಪ್ಪಲಿಲ್ಲವಲ್ಲ!

ಆದರೆ ನಮ್ಮೂರಿಗೂ ಆ ದೇಶಕ್ಕೂ ಒಂದು ವ್ಯತ್ಯಾಸ ಇದೆ ಎಂದು ನನಗೆ ಕಾಣುತ್ತದೆ. ಅಲ್ಲಿ ಬಣ್ಣವೆಲ್ಲ ಹೋಗುವ ಎಲೆಗೆ. ಇಲ್ಲಿ ಬಣ್ಣ ಹೆಚ್ಚಾಗಿ ಬರುವ ಎಲೆಗೆ. ಮಾರ್ಚ್ ತಿಂಗಳಲ್ಲಿ ಅರಳಿಮರದ ಚಿಗುರು ನೋಡಿ: ತಾಮ್ರ, ತಿಳಿಗೆಂಪು. ಮಾವಿನ ಚಿಗುರು ನೇರಳೆಗೆಂಪು. ಎಳೆ ಎಲೆಗೆ ಬಿಸಿಲಿನ ರಕ್ಷಣೆಗೆಂದು ಅದೇ ಆಂಥೋಸಯಾನಿನ್ ಇಲ್ಲಿ ಮಗುವಿನ ಕುಲಾವಿಯ ಹಾಗೆ ಬರುತ್ತದೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು ಅನ್ನುವ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಹಿಮದ ದೇಶದಲ್ಲಿ ಎಲೆ ಉದುರಿದ ಮೇಲೆ ನಾಲ್ಕೈದು ತಿಂಗಳು ಕೊಂಬೆ ಬರಿದು. ನಗುವುದಕ್ಕೆ ಅಲ್ಲಿ ಯಾರೂ ಇರುವುದಿಲ್ಲ. ನಮ್ಮ ಬಾದಾಮಿ ಬೋಳಾಗಿರುವುದು ಕೆಲವೇ ದಿನ. ಹಳೆಯದು ಪೂರ್ತಿ ಬೀಳುವುದರೊಳಗೆ ತುದಿಯಲ್ಲಿ ದೀಪದ ಕುಡಿಯ ಹಾಗೆ ಹೊಸತು ಎದ್ದಿರುತ್ತದೆ.

ನಮಗೆ ತೋಟ ಅಂತ ಇರುವುದು ಅಮ್ಮನ ಹನ್ನೊಂದು ಡಬ್ಬಿಗಳು. ಅಪ್ಪ ದುಡಿಯುವ ಹೋಟೆಲಿನಿಂದ ಬಂದ ಎಣ್ಣೆ ಡಬ್ಬಿಗಳು, ಎರಡು ಬಣ್ಣದ ಡಬ್ಬಿ, ಒಂದು ಒಡೆದ ಬಕೆಟು. ತುಳಸಿ, ಬಸಳೆ, ದೊಡ್ಡಪತ್ರೆ, ಕ್ರೋಟನ್, ಒಂದು ಅಬ್ಬಲಿಗೆ. ಮತ್ತೆ ಒಂದು ಮೋರ್‌ಪಂಖಿ. ಇದು ನಮ್ಮ ಪಾಲಿನ ಸೂಜಿಯೆಲೆ ಜಾತಿ; ಮಾವನ ಸೀಡರ್‌ಗೆ ದೂರದ ದಾಯಾದಿ, ಮೂಲ ಚೀನಾದ ಕಡೆ. ಶಾಲೆಯಲ್ಲಿ ನಾವು ಇದರ ಎಲೆಯನ್ನು ‘ವಿದ್ಯೆ’ ಅಂತ ಪುಸ್ತಕದೊಳಗೆ ಇಡುತ್ತಿದ್ದೆವು. ಬಿ.ಕಾಂ. ಎರಡನೇ ವರ್ಷದ ಕಾಸ್ಟಿಂಗ್ ಪುಸ್ತಕದಲ್ಲೂ ಒಂದು ಇಟ್ಟಿದ್ದೇನೆ, ಫಲ ಇನ್ನೂ ಗೊತ್ತಾಗಬೇಕು. ಪಕ್ಕದ ಆಂಟಿಯ ಬಾಗಿಲಲ್ಲಿ ಕ್ರಿಸ್‌ಮಸ್ ಗಿಡದ ಕುಂಡ. ಡಿಸೆಂಬರಿನಲ್ಲಿ ಅದಕ್ಕೆ ನಕ್ಷತ್ರ ಕಟ್ಟುತ್ತಾರೆ. ಹೀಗೆ ನಮ್ಮ ಅಂಗಳದಲ್ಲೂ ಹಿಂದೆ ಹಸುರು, ಮುಂದೆ ಕೆಂಪು. ಅಳತೆ ಮಾತ್ರ ಚಿಕ್ಕದು.

ಉದುರಿದ ಎಲೆಯನ್ನು ಅಮ್ಮ ಬಯ್ಯುತ್ತಲೇ ಗುಡಿಸುತ್ತಾಳೆ. “ಎಂಥಾ ಮರ ಅದ್, ಗುಡ್ಸಿ ಗುಡ್ಸಿ ಸೊಂಟ ಹೋಯ್ತ್” ಅನ್ನುತ್ತಾಳೆ. ಆದರೆ ಗುಡಿಸಿದ್ದನ್ನು ಕಸದ ಗಾಡಿಗೆ ಕೊಡುವುದಿಲ್ಲ. ಊರಿನಲ್ಲಿ ಅಜ್ಜಿ ತರಗೆಲೆಯನ್ನು ಹಟ್ಟಿಗೆ ಹಾಸುತ್ತಿದ್ದಳು, ಇಲ್ಲವೇ ಮಣ್ಣು ಸೇರಿಸಿ ಸುಟ್ಟು ಸುಡುಮಣ್ಣು ಮಾಡುತ್ತಿದ್ದಳು. ಇಲ್ಲಿ ಹಟ್ಟಿ ಇಲ್ಲ, ಸುಡುವಂತೆಯೂ ಇಲ್ಲ. ಅಮ್ಮ ಒಣ ಎಲೆಯನ್ನು ಕೈಯಲ್ಲಿ ಪುಡಿ ಮಾಡಿ ಒಂದು ಗೋಣಿಗೆ ತುಂಬಿ, ತರಕಾರಿ ಸಿಪ್ಪೆ ಸೇರಿಸಿ ಮೂಲೆಯಲ್ಲಿ ಇಡುತ್ತಾಳೆ. ಮಳೆಗಾಲದ ಹೊತ್ತಿಗೆ ಅದು ಕಪ್ಪು ಮಣ್ಣಾಗಿರುತ್ತದೆ. ಡಬ್ಬಿಗಳಿಗೆ ಬೇರೆ ಗೊಬ್ಬರ ಅಂತ ಕೊಂಡದ್ದನ್ನು ನಾನು ಕಂಡಿಲ್ಲ. ಈಚೆಗೆ ಅಲಂಕಾರದ ಮೀನು ಸಾಕುವವರು ಬಾದಾಮಿಯ ಒಣ ಎಲೆಯನ್ನು ನೀರಿಗೆ ಹಾಕುತ್ತಾರೆ, ಮೀನಿಗೆ ಒಳ್ಳೆಯದೆಂದು. ಅದನ್ನು ಪ್ಯಾಕೆಟ್ ಕಟ್ಟಿ ಮಾರುತ್ತಾರೆ ಎಂದು ನಾನು ಹೇಳಿದಾಗ ಅಮ್ಮ ನಂಬಲೇ ಇಲ್ಲ. “ಎಲೆಗ್ ದುಡ್ಡಾ?” ಅಂದಳು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಟ್ಟಡ ಕೆಡವುತ್ತಾರೆ. ಮುಂಬಯಿಯಲ್ಲಿ ಹಳೇ ಕಟ್ಟಡದಲ್ಲಿ ಇರುವ ಮಿತ್ರರಿಗೆ ‘ರೀಡೆವಲಪ್‌ಮೆಂಟ್’ ಎಂಬ ಶಬ್ದದ ಮೇಲೆ ಕನ್ನಡ ಶಬ್ದ ಕೂರಿಸಿ ಹೇಳಬೇಕಾದ್ದಿಲ್ಲ. ಹದಿನಾಲ್ಕು ಮಾಳಿಗೆ ಬರುತ್ತದೆ. ನಮ್ಮ 225 ಚದರಡಿಗೆ ಬದಲಾಗಿ ಅದಕ್ಕಿಂತ ದೊಡ್ಡ ಮನೆ, ಎರಡು ಕೋಣೆ. ಒಂದು ಕೋಣೆ ನನ್ನ ಓದಿಗೆ. ಅಪ್ಪ ಇದನ್ನು ಹೇಳುವಾಗ ಅವರ ಮುಖ ನೋಡಬೇಕು. ಇಪ್ಪತ್ತರ ವಯಸ್ಸಿಗೆ ಊರು ಬಿಟ್ಟು ಬಂದು, ಹೋಟೆಲಿನ ಬೆಂಚುಗಳನ್ನು ಜೋಡಿಸಿ ಮಲಗಿದವರು ಅವರು. ನನಗೂ ಕೋಣೆ ಬೇಡವೇ? ಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಲೆಡ್ಜರ್ ಹರಡಿ ಓದಿದವರಿಗೆ ಮಾತ್ರ ಆ ಆಸೆ ಗೊತ್ತು. ಬಾದಾಮಿ ಮರ ನಿಂತಿರುವ ಜಾಗಕ್ಕೆ ನಕ್ಷೆಯಲ್ಲಿ ಕಾರು ಇಳಿಯುವ ದಾರಿ ಬಂದಿದೆ.

ಸೊಸೈಟಿಯ ಜಮಾಖರ್ಚು ಬರೆಯುವುದು ಎರಡು ವರ್ಷದಿಂದ ನನ್ನ ಕೆಲಸ. ಕಾಮರ್ಸ್ ಓದುವವರು ಕಟ್ಟಡಕ್ಕೆ ಒಬ್ಬರಿದ್ದರೆ ಅವರ ಗತಿ ಇದೇ. ಹಾಗಾಗಿ ಮರಗಳ ಪಟ್ಟಿ ತಯಾರಿಸುವ ಕಾಗದವೂ ನನ್ನ ಕೈಗೆ ಬಂತು. ಮರದ ಜಾತಿ, ಸುತ್ತಳತೆ, ವಯಸ್ಸು. ನಮ್ಮ ಅಂಗಳದಲ್ಲಿ ಮೂರು ಮರ: ಒಂದು ತೆಂಗು, ಒಂದು ನುಗ್ಗೆ, ಈ ಬಾದಾಮಿ. ಅಮ್ಮನ ರವಿಕೆ ಅಳೆಯುವ ಟೇಪು 60 ಇಂಚು, ಮರಕ್ಕೆ ಸಾಲಲಿಲ್ಲ. ಗುರುತು ಮಾಡಿ ಎರಡನೇ ಸಲ ಅಳೆದೆವು. 74 ಇಂಚು. ವಯಸ್ಸಿನ ಕಡೆ ಕರಡಿನಲ್ಲಿ ಯಾರೋ ಆಗಲೇ ಪೆನ್ಸಿಲಿನಿಂದ ‘ಅಂದಾಜು 25’ ಅಂತ ಬರೆದಿಟ್ಟಿದ್ದರು.

ಈ ಅಂದಾಜಿಗೆ ಬೆಲೆ ಇದೆ. ಮಹಾರಾಷ್ಟ್ರದ ನಗರ ಪ್ರದೇಶಗಳ ಮರಗಳ ಸಂರಕ್ಷಣೆಗೆ 1975ರಲ್ಲಿ ಒಂದು ಕಾಯ್ದೆ ಆಗಿದೆ. ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ; ಕಡಿಯುವ ಮುಂಚೆ ಮರದ ಮೇಲೆ ನೋಟೀಸು ಅಂಟಿಸಿ ಜನರ ಆಕ್ಷೇಪ ಕೇಳಬೇಕು. 2021ರಲ್ಲಿ ಅದಕ್ಕೆ ತಿದ್ದುಪಡಿ ಬಂತು. 50 ವರ್ಷ ಅಥವಾ ಅದಕ್ಕೂ ಹೆಚ್ಚು ವಯಸ್ಸಾದ ಮರವನ್ನು ‘ಪಾರಂಪರಿಕ ವೃಕ್ಷ’ ಎಂದು ಹೇಳಿದೆ. ಒಂದು ಮರ ಕಡಿದರೆ ಅದರ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು. ಅಂದರೆ 25 ಎಂದು ಬರೆದರೆ 25 ಸಸಿ, ವಿಷಯ ಮುಗಿಯಿತು. 50 ದಾಟಿದರೆ ಮರದ ಮಾತೇ ಬೇರೆ, ನಕ್ಷೆಯ ಮಾತೂ ಬೇರೆ. ಆದರೆ ಮರಕ್ಕೆ ಜನನ ಪ್ರಮಾಣಪತ್ರ ಇರುವುದಿಲ್ಲವಲ್ಲ. ಕಾಮರ್ಸಿನಲ್ಲಿ ನಮಗೆ ಮೊದಲು ಕಲಿಸಿದ್ದು ವೋಚರ್ ಇಲ್ಲದೆ ನಮೂದು ಇಲ್ಲ ಅಂತ. ಈ ಮರದ ವೋಚರ್ ಎಲ್ಲಿ?

ಅಪ್ಪನನ್ನು ಕೇಳಿದೆ. ಅವರು ಈ ಕಟ್ಟಡಕ್ಕೆ ಬಂದದ್ದು 1996ರಲ್ಲಿ. ಆಗಲೇ ಮರ ಎರಡನೇ ಮಾಳಿಗೆಯ ಕಿಟಕಿ ಮುಟ್ಟುತ್ತಿತ್ತಂತೆ. ಅಲ್ಲಿಗೆ 25 ಸುಳ್ಳಾಯಿತು. ಆದರೆ 50 ಆಗಲಿಲ್ಲ. ಆಮೇಲೆ ಪಕ್ಕದ ಆಂಟಿಯನ್ನು ಕೇಳಿದೆ. ಅವರು ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಕಪಾಟಿನಿಂದ ಒಂದು ಆಲ್ಬಮ್ ತೆಗೆದರು. ಮೊದಲ ಪರಮಪ್ರಸಾದದ ದಿನದ ಫೋಟೋ. ಬಿಳಿ ಉಡುಪು, ಕೈಯಲ್ಲಿ ಮೇಣದ ಬತ್ತಿ, ಎಂಟು ವರ್ಷದ ಹುಡುಗಿ. ಹಿಂದೆ ಗೋಡೆಯ ಪಕ್ಕ, ಹುಡುಗಿಯ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ತುದಿಯಲ್ಲಿ ಗೊಂಚಲೆಲೆಯ ಒಂದು ಗಿಡ. ಫೋಟೋದ ಬೆನ್ನಿಗೆ ಅವರ ತಂದೆಯ ಕೈಬರಹದಲ್ಲಿ 1972. ಕಪ್ಪು-ಬಿಳುಪು ಫೋಟೋ, ಎಲೆ ಹಸುರಿತ್ತೋ ಕೆಂಪಿತ್ತೋ ಯಾರಿಗೆ ಗೊತ್ತು! ಆದರೆ ಎಲೆ ಅದೇ. ಬಾವಲಿ ಬೀಳಿಸಿದ ಬೀಜ, ಯಾರೂ ನೆಟ್ಟದ್ದಲ್ಲ ಅಂತ ಆಂಟಿ ಹೇಳಿದರು. ಆಮೇಲೆ, “ನನಗೂ ಲಿಫ್ಟ್ ಇರುವ ಮನೆ ಬೇಕು ಮಗಾ, ಮೊಣಕಾಲು ನೋಯುತ್ತದೆ. ಆದರೂ ಫೋಟೋ ತೆಗೆದುಕೊಂಡು ಹೋಗು” ಅಂದರು.

ಅವತ್ತು ರಾತ್ರಿ ಅಪ್ಪ ಹೋಟೆಲಿನಿಂದ ಬಂದ ಮೇಲೆ ಫೋಟೋ ತೋರಿಸಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಕೋಣೆಯ ಆಸೆ ನನಗಿಂತ ಅವರಿಗೆ ಹೆಚ್ಚು. ಅಮ್ಮ ಬಟ್ಟಲು ತೊಳೆಯುವ ನೆವದಲ್ಲಿ ಕಿವಿ ಇತ್ತ ಇಟ್ಟಿದ್ದಳು. ಕೊನೆಗೆ ಅಪ್ಪ 2005ರ ಮಾತು ತೆಗೆದರು. ಅದು ನಾನು ಹುಟ್ಟಿದ ವರ್ಷ. ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ವಾಕೋಲಾ, ಕಲೀನಾ ಎಲ್ಲ ಮುಳುಗಿದ್ದವು. ನನ್ನನ್ನು ಎತ್ತಿಕೊಂಡು ಅಮ್ಮ ಮೂರನೇ ಮಾಳಿಗೆಯ ಮನೆಯಲ್ಲಿದ್ದಳು. ಅಪ್ಪ ಎದೆಮಟ್ಟದ ನೀರಿನಲ್ಲಿ ನಡೆದು ಬೆಳಗಿನ ಜಾವ ಗೇಟಿನ ಹತ್ತಿರ ಬಂದರೆ, ಕಟ್ಟಡದ ಗಂಡಸರು ಮೆಟ್ಟಿಲಿನಿಂದ ಬಾದಾಮಿ ಮರಕ್ಕೂ, ಮರದಿಂದ ಗೇಟಿಗೂ ಹಗ್ಗ ಕಟ್ಟಿದ್ದರಂತೆ. ಅದನ್ನು ಹಿಡಿದೇ ಒಳಗೆ ಬಂದದ್ದು. ಇದನ್ನೆಲ್ಲ ಹೇಳಿ ಅವರು ಫೋಟೋ ವಾಪಸು ಕೊಟ್ಟರು. “ಲೆಕ್ಕ ಹ್ಯಾಂಗ್ ಇತ್ತೋ ಹಾಂಗೇ ಬರಿ. ಕೋಣಿ ಬಂದ್ರೆ ಬರ್ಲಿ, ತಡ ಆರೆ ಆಯ್ಲಿ” ಅಂದು ಮಲಗಲು ಹೋದರು.

ಪೆನ್ಸಿಲಿನ 25ನ್ನು ರಬ್ಬರಿನಿಂದ ಒರೆಸಿ, ಶಾಯಿಯಲ್ಲಿ ‘50ಕ್ಕಿಂತ ಹೆಚ್ಚು, 1972ರ ಫೋಟೋ ಲಗತ್ತಿಸಿದೆ’ ಎಂದು ಬರೆದು ಕೊಟ್ಟಿದ್ದೇನೆ. ಸಭೆಯಲ್ಲಿ ಗಲಾಟೆಯಾಯಿತು. ಮಳೆಗಾಲದಲ್ಲಿ ಇದರ ಎಲೆ ಗಟಾರ ಮುಚ್ಚುತ್ತದೆ ಎಂದು ಒಬ್ಬರು, ಒಂದು ಮರಕ್ಕಾಗಿ ಹದಿನೆಂಟು ಸಂಸಾರ ಕಾಯಬೇಕೇ ಎಂದು ಇನ್ನೊಬ್ಬರು. ಅವರ ಮಾತೂ ಸುಳ್ಳಲ್ಲ. ಅವರಲ್ಲಿ ಮಗಳ ಮದುವೆ ಹೊಸ ಮನೆಯಲ್ಲಿ ಮಾಡಬೇಕೆಂದಿರುವವರು ಇದ್ದಾರೆ, ಸೋರುವ ಮಾಡಿಗೆ ತಾಡಪತ್ರಿ ಕಟ್ಟಿಕೊಂಡವರು ಇದ್ದಾರೆ. ಕಾರಿನ ದಾರಿಯನ್ನು ಹದಿನೈದು ಅಡಿ ಪಕ್ಕಕ್ಕೆ ಸರಿಸಿ ನಕ್ಷೆ ಮಾಡಲಾದೀತೇ ಎಂದು ಬಿಲ್ಡರಿಗೆ ಕೇಳಿ ಪತ್ರ ಹೋಗಿದೆ. ಅದನ್ನೂ ನಾನೇ ಟೈಪು ಮಾಡಿದೆ. ಉತ್ತರ ಬಂದಿಲ್ಲ. ಹದಿನಾಲ್ಕನೇ ಮಾಳಿಗೆಯಲ್ಲಿ ಅಮ್ಮನ ಗೋಣಿಗೆ ಎಲೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಯಾವ ನಕ್ಷೆಯಲ್ಲೂ ಉತ್ತರ ಇಲ್ಲ. ಅದು ನಮ್ಮ ಮನೆಯ ಖಾತೆಗೆ ಸೇರಿದ್ದು.

ಮಿತ್ರರೇ, ಇದನ್ನು ಬರೆದದ್ದಕ್ಕೆ ನನಗೊಂದು ಸ್ವಾರ್ಥ ಇದೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಹಳೇ ಕಟ್ಟಡಗಳಲ್ಲಿ ಇರುವವರು. ಇಂದಲ್ಲ ನಾಳೆ ನಿಮ್ಮ ಅಂಗಳಕ್ಕೂ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ವಯಸ್ಸಿನ ಒಂದು ಕಲಮು ಇರುತ್ತದೆ. ಅದಕ್ಕೆ ಮುಂಚೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಈ ಮರ ನಿಮ್ಮ ಮದುವೆಯ ಹೊತ್ತಿಗೆ ಎಷ್ಟೆತ್ತರ ಇತ್ತು? ಹಳೇ ಫೋಟೋಗಳಲ್ಲಿ ಮುಖ ನೋಡಿದ ಮೇಲೆ ಹಿಂದಿನ ಗೋಡೆಯನ್ನೂ ನೋಡಿ. ಇಸವಿ ಸಿಕ್ಕರೆ ಬರೆದಿಟ್ಟುಕೊಳ್ಳಿ. ಹಿರಿಯರು ಹಣ್ಣಾಗುತ್ತಿದ್ದಾರೆ, ಅವರ ನೆನಪಿನಲ್ಲಿರುವುದನ್ನು ಈಗಲೇ ಕೊಂಬೆಗೆ ಎಳೆದುಕೊಳ್ಳಬೇಕು.